ಕಾರ್ಯಾಚರಣ ವ್ಯವಸ್ಥೆಯ ನವೀಕರಣ: ಮೂಲ ಸಂಕೇತ ಪಡೆಯುವ ಹಂತದ ತೊಡಕುಗಳು ಮತ್ತು ಪರಿಹಾರ

ಉದ್ದಿಮೆ ಹಾಗೂ ವ್ಯಾಪಾರ ಸಂಸ್ಥೆಗಳಲ್ಲಿ ಗಣಕಯಂತ್ರಗಳ ನಿರ್ವಹಣೆ ಎಂದೊಡನೆ ಲೆಕ್ಕಪತ್ರದ ತಂತ್ರಾಂಶ, ಮುದ್ರಣಯಂತ್ರ ಮತ್ತು ಅಂತರಜಾಲದ ಮಾಸಿಕ ಬಿಲ್ಲು ಇವಿಷ್ಟರಲ್ಲೇ ಮಾಲೀಕರ ಗಮನ ನಿಂತುಬಿಡುವುದು ಸಾಮಾನ್ಯ. ಕಚೇರಿಯ ಮೂಲೆಯಲ್ಲಿ ಪರದೆ, ಕೀಲಿಮಣೆಗಳೂ ಇಲ್ಲದೆ ವರ್ಷವಿಡೀ ಓಡುವ ಸರ್ವರ್ ಯಂತ್ರ ಕೆಟ್ಟು ನಿಂತ ದಿನವಷ್ಟೇ ನೆನಪಿಗೆ ಬರುತ್ತದೆ. ಬ್ಯಾಂಕಿನ ವ್ಯವಹಾರ, ತೆರಿಗೆಯ ವಿವರಪಟ್ಟಿ, ಗ್ರಾಹಕರೊಡನೆ ಇ-ಅಂಚೆ ಎಲ್ಲವೂ ಆ ಯಂತ್ರದ ಮೂಲಕವೇ ಹಾದುಹೋಗುತ್ತಿರುತ್ತವೆ. ಅದರ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಅನ್ನು, ಕಾಲಕಾಲಕ್ಕೆ ನವೀಕರಿಸದಿದ್ದರೆ ಹಳೆಯ ಬೀಗವನ್ನೇ ನಂಬಿ ಗೋದಾಮಿಗೆ ಕಾವಲು ತೆಗೆದಂತಾಗುತ್ತದೆ.

ಇಂತಹ ಸರ್ವರ್ ಯಂತ್ರಗಳಿಗೆ ಬಳಸಲಾಗುವ ವ್ಯವಸ್ಥೆಗಳಲ್ಲಿ ಫ್ರೀಬಿಎಸ್‌ಡಿ ಒಂದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯಲ್ಲಿ ರೂಪುಗೊಂಡ ಯುನಿಕ್ಸ್ ಪರಂಪರೆಯಿಂದ ಬಂದ ಇದರ ಮೊದಲ ಆವೃತ್ತಿ 1993ರಲ್ಲಿ ಬಿಡುಗಡೆಯಾಯಿತು. ಪರವಾನಗಿ ಶುಲ್ಕವಿಲ್ಲ, ಮೂಲ ಸಂಕೇತ ಎಲ್ಲರಿಗೂ ಮುಕ್ತ. ಒಂದು ಕಾಲಕ್ಕೆ ಯಾಹೂ ಸಂಸ್ಥೆಯ ಸರ್ವರ್‌ಗಳು ಇದರ ಮೇಲೆಯೇ ನಡೆಯುತ್ತಿದ್ದವು. ನೆಟ್‌ಫ್ಲಿಕ್ಸ್ ಸಂಸ್ಥೆಯು ಚಲನಚಿತ್ರಗಳನ್ನು ವೀಕ್ಷಕರಿಗೆ ತಲುಪಿಸುವ ತನ್ನ ಯಂತ್ರಗಳಿಗೆ ಇದನ್ನೇ ಆಯ್ದುಕೊಂಡಿತು. ಸಣ್ಣ ಸಂಸ್ಥೆಗಳಲ್ಲಿ ಇದು ಅಂತರಜಾಲದ ಹೆಬ್ಬಾಗಿಲಾಗಿ, ಅಂಚೆಯ ಸರ್ವರ್ ಆಗಿ, ಕಡತಗಳ ಕಣಜವಾಗಿ ಕೆಲಸ ಮಾಡುತ್ತದೆ.

ಈ ವ್ಯವಸ್ಥೆಯನ್ನು ನವೀಕರಿಸಲು ಎರಡು ದಾರಿಗಳಿವೆ. ಸಿದ್ಧಪಡಿಸಿದ ಕಡತಗಳನ್ನು ನೇರವಾಗಿ ಇಳಿಸಿಕೊಳ್ಳುವುದು ಒಂದು. ಮೂಲ ಸಂಕೇತವನ್ನು, ಎಂದರೆ ಸೋರ್ಸ್ ಕೋಡ್ ಅನ್ನು, ತರಿಸಿಕೊಂಡು ಯಂತ್ರದಲ್ಲೇ ಕಂಪೈಲ್ ಮಾಡುವುದು ಇನ್ನೊಂದು. ಅಂಗಡಿಯಿಂದ ಸಿದ್ಧ ಉಡುಪು ತರುವುದಕ್ಕೂ ಬಟ್ಟೆ ತಂದು ದರ್ಜಿಯಿಂದ ಹೊಲಿಸುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ವಿಶೇಷ ಅಗತ್ಯಗಳಿಲ್ಲದ ಕಚೇರಿಗೆ ಮೊದಲ ದಾರಿಯೇ ಸಾಕು, ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೆ ವಿಶೇಷ ಯಂತ್ರಾಂಶಕ್ಕಾಗಿ ಕರ್ನಲ್ ಅನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಬದಲಿಸಿಕೊಂಡಿರುವ ಅಥವಾ ಬೇಡದ ಭಾಗಗಳನ್ನು ಕೈಬಿಟ್ಟು ಕಟ್ಟಿಕೊಂಡಿರುವ ಸಂಸ್ಥೆಗಳಿಗೆ ಎರಡನೆಯ ದಾರಿ ಅನಿವಾರ್ಯ. ಅಲ್ಲಿ ಎದುರಾಗುವ ತೊಂದರೆಗಳಲ್ಲಿ ಹಲವು ಕಂಪೈಲ್ ಮಾಡುವ ಹಂತದಲ್ಲಿ ಕಾಣಿಸಿಕೊಂಡರೂ, ಹುಟ್ಟುವುದು ಅದಕ್ಕೂ ಮೊದಲು, ಮೂಲ ಸಂಕೇತವನ್ನು ಭಂಡಾರದಿಂದ ತರಿಸಿಕೊಳ್ಳುವಾಗ. ಈ ಕೆಲಸಕ್ಕೆ ತಂತ್ರಜ್ಞರ ಬಳಕೆಯಲ್ಲಿರುವ ಹೆಸರು ಚೆಕ್‌ಔಟ್.

ಭಂಡಾರ ಎರಡು ಬಾರಿ ಬದಲಾದ ಬಗೆ

ಫ್ರೀಬಿಎಸ್‌ಡಿಯ ಮೂಲ ಸಂಕೇತವೆಲ್ಲ ಯೋಜನೆಯ ಕೇಂದ್ರ ಭಂಡಾರದಲ್ಲಿರುತ್ತದೆ. ಯಾವ ಸಾಲನ್ನು ಯಾರು, ಎಂದು, ಏಕೆ ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ವ್ಯಾಪಾರದ ರೋಜುಕೀರ್ದಿಯಂತೆ ಅದರಲ್ಲಿ ಹಳೆಯ ನಮೂದನ್ನು ಅಳಿಸುವ ರೂಢಿಯಿಲ್ಲ. ಈ ಭಂಡಾರವನ್ನು ನಡೆಸುವ ತಂತ್ರಾಂಶ ಕಾಲಕ್ರಮದಲ್ಲಿ ಬದಲಾಗುತ್ತ ಬಂದಿದೆ. ಇಂದಿನ ಅನೇಕ ತೊಡಕುಗಳಿಗೆ ಈ ಬದಲಾವಣೆಗಳೇ ಕಾರಣವಾದ್ದರಿಂದ ಅವುಗಳ ಸ್ಥೂಲ ಪರಿಚಯ ಅಗತ್ಯ.

ಆರಂಭದ ದಿನಗಳಲ್ಲಿ ಬಳಕೆಯಲ್ಲಿದ್ದುದು ಸಿವಿಎಸ್ ಎಂಬ ವ್ಯವಸ್ಥೆ. ಬಳಕೆದಾರರು ಅದರಿಂದ ಸಂಕೇತವನ್ನು ಸಿವಿಎಸ್‌ಅಪ್ ಎಂಬ ಸಾಧನದ ಮೂಲಕ ತರಿಸಿಕೊಳ್ಳುತ್ತಿದ್ದರು. 2008ರಲ್ಲಿ ಭಂಡಾರವು ಸಬ್‌ವರ್ಷನ್ ಎಂಬ ವ್ಯವಸ್ಥೆಗೆ ಸ್ಥಳಾಂತರಗೊಂಡಿತು. ಆದರೂ ಹಳೆಯ ರೀತಿಗೆ ಒಗ್ಗಿಕೊಂಡವರ ಅನುಕೂಲಕ್ಕಾಗಿ ಸಿವಿಎಸ್ ಪ್ರತಿಯನ್ನೂ ಕೆಲವು ವರ್ಷ ಮುಂದುವರಿಸಲಾಯಿತು. 2012ರ ನವೆಂಬರ್‌ನಲ್ಲಿ ಯೋಜನೆಯ ಎರಡು ಯಂತ್ರಗಳಿಗೆ ಅತಿಕ್ರಮ ಪ್ರವೇಶವಾಗಿದ್ದುದು ಪತ್ತೆಯಾಯಿತು. ಅಭಿವೃದ್ಧಿಕಾರರೊಬ್ಬರ ಪ್ರವೇಶದ ಕೀಲಿ ಕಳವಾಗಿದ್ದೇ ಇದಕ್ಕೆ ಕಾರಣವೆಂದು ಯೋಜನೆ ತಿಳಿಸಿತು. ಮೂಲ ವ್ಯವಸ್ಥೆಯ ಸಂಕೇತಕ್ಕೆ ಧಕ್ಕೆಯಾದ ಕುರುಹು ದೊರೆಯಲಿಲ್ಲ. ಆದರೆ ಹಳೆಯ ಸಿವಿಎಸ್‌ಅಪ್ ದಾರಿಯನ್ನು ಬಿಟ್ಟು ಸಬ್‌ವರ್ಷನ್ ಮುಂತಾದ ಹೆಚ್ಚು ಭದ್ರವಾದ ದಾರಿಗಳಿಗೆ ಬರಬೇಕೆಂದು ಬಳಕೆದಾರರಿಗೆ ಸೂಚಿಸಲಾಯಿತು. ಅಲ್ಲಿಂದ ಸಿವಿಎಸ್ ಪ್ರತಿಯ ದಿನಗಳು ಮುಗಿಯತೊಡಗಿದವು.

ಎರಡನೆಯ ಸ್ಥಳಾಂತರ ನಡೆದುದು 2020ರ ಡಿಸೆಂಬರ್‌ನಲ್ಲಿ. ಮೂಲ ಸಂಕೇತದ ಭಂಡಾರ ಗಿಟ್ ಎಂಬ ವ್ಯವಸ್ಥೆಗೆ ಬಂದಿತು. 2021ರ ಏಪ್ರಿಲ್‌ನಲ್ಲಿ ಬಂದ 13.0 ಆವೃತ್ತಿಯು ಗಿಟ್ ಭಂಡಾರದಿಂದ ಹೊರಬಂದ ಮೊದಲ ಬಿಡುಗಡೆ. 12ನೆಯ ಸರಣಿಯ ತಿದ್ದುಪಡಿಗಳನ್ನು ಮಾತ್ರ ಆ ಸರಣಿಯ ಆಯುಷ್ಯ ಮುಗಿದ 2023ರ ಅಂತ್ಯದವರೆಗೆ ಸಬ್‌ವರ್ಷನ್ನಿಗೂ ಕಳುಹಿಸಲಾಗುತ್ತಿತ್ತು.

ಹತ್ತು ಹದಿನೈದು ವರ್ಷಗಳ ಹಿಂದೆ ಯಾರೋ ಬರೆದಿಟ್ಟ ನವೀಕರಣದ ಟಿಪ್ಪಣಿಯನ್ನೇ ಇಂದಿಗೂ ಅನುಸರಿಸುವ ಕಚೇರಿಯಲ್ಲಿ ಏನಾಗಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಿವಿಎಸ್‌ಅಪ್ ಹುಡುಕುವ 5999ನೆಯ ಸಂಪರ್ಕ ದ್ವಾರದಲ್ಲಿ ಉತ್ತರಿಸುವವರು ಯಾರೂ ಇಲ್ಲ. ಸಬ್‌ವರ್ಷನ್ನಿನ ಹಳೆಯ ಪ್ರತಿ ಇದ್ದಲ್ಲಿ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಭಂಡಾರ ಗಿಟ್‌ಗೆ ಹೋದ ನಂತರವೂ ಹಳೆಯ ಸರ್ವರ್ ಉತ್ತರಿಸುತ್ತಿತ್ತು. ನವೀಕರಣದ ಆದೇಶ ಕೊಟ್ಟರೆ ದೋಷ ಸಂದೇಶ ಬರುವುದಿಲ್ಲ. ಇಂತಿಷ್ಟನೆಯ ಪರಿಷ್ಕರಣೆಯಲ್ಲಿ ಇದ್ದೀರಿ ಎಂಬ ಒಂದು ಸಾಲಿನ ಸೌಮ್ಯ ಉತ್ತರ ಬರುತ್ತದೆ. ಹೊಸತೇನೂ ಬಂದಿಲ್ಲವೆಂಬುದನ್ನು ಆ ಸಾಲು ಹೇಳುವುದಿಲ್ಲ.

ಸದ್ದಿಲ್ಲದೆ ಆಗುವ ತಪ್ಪು

ಮಾಲೀಕರು ತಮ್ಮ ತಂತ್ರಜ್ಞರನ್ನು ಕೇಳಲೇಬೇಕಾದ ಮೊದಲ ಪ್ರಶ್ನೆ ಇದು: ಯಂತ್ರದಲ್ಲಿರುವ ಮೂಲ ಸಂಕೇತ ಯಾವ ಶಾಖೆಯದು?

ಭಂಡಾರದಲ್ಲಿ ಸಂಕೇತವು ಹಲವು ಶಾಖೆಗಳಲ್ಲಿ ಬೆಳೆಯುತ್ತದೆ. ‘ಮೇನ್’ ಎಂಬುದು ಅಭಿವೃದ್ಧಿಕಾರರ ಕಾರ್ಯಾಗಾರ. ಅಲ್ಲಿ ಪ್ರತಿದಿನ ಹೊಸ ಪ್ರಯೋಗಗಳು ನಡೆಯುತ್ತವೆ. ‘ಸ್ಟೇಬಲ್/14’ ಮೊದಲಾದವು ಮುಂದಿನ ಬಿಡುಗಡೆಗೆ ಸಿದ್ಧವಾಗುತ್ತಿರುವ ಶಾಖೆಗಳು. ‘ರೆಲೆಂಗ್/14.1’ ಮೊದಲಾದವು ಬಿಡುಗಡೆಯಾದ ಆವೃತ್ತಿಗೆ ಸುರಕ್ಷತಾ ತಿದ್ದುಪಡಿ ಮತ್ತು ಗಂಭೀರ ದೋಷಗಳ ಪರಿಹಾರವನ್ನಷ್ಟೇ ಸೇರಿಸುತ್ತ ಹೋಗುವ ಶಾಖೆಗಳು. ವ್ಯಾಪಾರ ಸಂಸ್ಥೆಗೆ ಬೇಕಾದುದು ಈ ಕೊನೆಯದು. ಇವಲ್ಲದೆ ‘ರಿಲೀಸ್/14.1.0’ ಎಂಬಂತಹ ಗುರುತುಗಳೂ ಇವೆ. ಇವು ಶಾಖೆಗಳಲ್ಲ, ಟ್ಯಾಗ್‌ಗಳು. ಬಿಡುಗಡೆಯಾದ ದಿನದ ಸಂಕೇತಕ್ಕೆ ಅಂಟಿಸಿದ ಚೀಟಿಗಳು ಇವು, ಎಂದಿಗೂ ಬದಲಾಗುವುದಿಲ್ಲ.

‘ರೆಲೆಂಗ್’ ಮತ್ತು ‘ರಿಲೀಸ್’ ಎಂಬ ಎರಡು ಪದಗಳ ಹೋಲಿಕೆಯಿಂದಾಗುವ ಗೊಂದಲ ಸಣ್ಣದಲ್ಲ. ಟ್ಯಾಗ್ ಹಿಡಿದು ಸಂಕೇತ ತಂದವರ ಯಂತ್ರಕ್ಕೆ ತಿದ್ದುಪಡಿ ಎಂದಿಗೂ ಬರುವುದಿಲ್ಲ. ಸಿವಿಎಸ್‌ಅಪ್ ಮತ್ತು ಸಬ್‌ವರ್ಷನ್ ಕಾಲದಲ್ಲಿ ಇದು ಸಂಪೂರ್ಣ ಮೌನವಾಗಿ ನಡೆಯುತ್ತಿತ್ತು. ಗಿಟ್‌ನಲ್ಲಿ ‘ನೀವು ಯಾವ ಶಾಖೆಯ ಮೇಲೂ ಇಲ್ಲ’ ಎಂಬ ಸೂಚನೆ ಬರುತ್ತದೆಯಾದರೂ, ರಾತ್ರಿ ತಾನಾಗಿ ಓಡುವಂತೆ ಇರಿಸಿದ ಆದೇಶದ ಉತ್ತರವನ್ನು ಬೆಳಿಗ್ಗೆ ಓದುವವರು ವಿರಳ.

2024ರ ಜುಲೈ 1ರ ಉದಾಹರಣೆಯಿಂದ ಇದರ ತೂಕ ತಿಳಿಯುತ್ತದೆ. ದೂರದಿಂದ ಯಂತ್ರಕ್ಕೆ ಪ್ರವೇಶ ನೀಡುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ, ಗುಪ್ತಪದವಿಲ್ಲದೆಯೇ ಒಳನುಗ್ಗಲು ಎಡೆಮಾಡಿಕೊಡಬಹುದಾದ ದೋಷವೊಂದು ಅಂದು ಬಹಿರಂಗವಾಯಿತು. ಫ್ರೀಬಿಎಸ್‌ಡಿ ಯೋಜನೆ ಅದೇ ದಿನ ತಿದ್ದುಪಡಿ ಹೊರಡಿಸಿತು. ‘ರೆಲೆಂಗ್/14.1’ ಶಾಖೆಯಲ್ಲಿದ್ದವರು ಸಂಕೇತ ತರಿಸಿ, ಕಂಪೈಲ್ ಮಾಡಿ, 14.1ರ ಎರಡನೆಯ ತಿದ್ದುಪಡಿ ಮಟ್ಟಕ್ಕೆ ಏರಿದರು. ‘ರಿಲೀಸ್/14.1.0’ ಟ್ಯಾಗ್ ಹಿಡಿದಿದ್ದವರೂ ಅಷ್ಟೇ ಗಂಟೆ ವ್ಯಯಿಸಿ, ಅಷ್ಟೇ ವಿದ್ಯುತ್ ಸುಟ್ಟು, ಯಂತ್ರವನ್ನು ಮರುಚಾಲನೆ ಮಾಡಿದರೆ ಹಳೆಯ ದೋಷದೊಡನೆಯೇ ಎದ್ದು ಕೂರುತ್ತಿದ್ದರು. ಕೆಲಸ ಮುಗಿಯಿತೆಂಬ ಸಮಾಧಾನ ಅವರಿಗೆ ಲಾಭದಲ್ಲಿ ಉಳಿಯುತ್ತಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಶಾಖೆಯ ಹೆಸರನ್ನು ಕೊಡದೆ ಪ್ರತಿ ಇಳಿಸಿಕೊಂಡರೆ ಗಿಟ್ ‘ಮೇನ್’ ಶಾಖೆಯನ್ನೇ ತಂದುಕೊಡುತ್ತದೆ. ಸಿವಿಎಸ್‌ಅಪ್ ದಿನಗಳಲ್ಲಿ ಸಂರಚನಾ ಕಡತದಲ್ಲಿ ಟ್ಯಾಗ್‌ನ ಜಾಗದಲ್ಲಿ ಒಂದು ಚುಕ್ಕೆ ಮಾತ್ರ ಇದ್ದರೆ ಇದೇ ಫಲ ದೊರೆಯುತ್ತಿತ್ತು. ಅಭಿವೃದ್ಧಿಕಾರರ ಶಾಖೆಯ ಕರ್ನಲ್‌ನಲ್ಲಿ ದೋಷ ಪತ್ತೆಗಾಗಿ ಇರಿಸಿದ ತಪಾಸಣೆಗಳು ಚಾಲ್ತಿಯಲ್ಲಿರುವುದರಿಂದ ಯಂತ್ರ ನಿಧಾನವಾಗುತ್ತದೆ. ಬಿಲ್ಲಿಂಗ್ ಕೌಂಟರಿನಲ್ಲಿ ಸಾಲು ಬೆಳೆದಾಗ ಹೊಸ ಮೆಮೊರಿ ಖರೀದಿಗೆ ಹೊರಡುವ ಮೊದಲು ಶಾಖೆಯ ಹೆಸರನ್ನು ನೋಡುವುದು ಅಗ್ಗದ ಪರಿಹಾರ.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಮೂಲ ಸಂಕೇತವು ಯಂತ್ರದ ‘ಯುಎಸ್‌ಆರ್’ ಕಡತಕೋಶದೊಳಗಿನ ‘ಎಸ್‌ಆರ್‌ಸಿ’ ಎಂಬ ಕೋಶದಲ್ಲಿರುತ್ತದೆ. ಮುಂದೆ ಇದನ್ನು ಆಕರ ಕೋಶವೆಂದು ಕರೆಯಲಾಗಿದೆ. ಅದರೊಳಗೆ ‘ಸಿಸ್’, ಅದರೊಳಗೆ ‘ಕಾನ್ಫ್’, ಅಲ್ಲಿ ‘ನ್ಯೂವರ್ಸ್’ ಎಂಬ ಕಡತ. ಅದರ ಮೊದಲ ಭಾಗದಲ್ಲಿ ‘ರಿವಿಷನ್’ ಮತ್ತು ‘ಬ್ರಾಂಚ್’ ಎಂಬ ಎರಡು ಸಾಲುಗಳಿರುತ್ತವೆ. ‘ರಿಲೀಸ್-ಪಿ2’ ಎಂದಿದ್ದರೆ ಎರಡನೆಯ ತಿದ್ದುಪಡಿಯವರೆಗೆ ಬಂದಿದೆ ಎಂದರ್ಥ. ಬರಿಯ ‘ರಿಲೀಸ್’ ಎಂದಿದ್ದರೆ ಬಿಡುಗಡೆಯ ದಿನದ ಸಂಕೇತ. ‘ಕರೆಂಟ್’ ಎಂದಿದ್ದರೆ ಅಭಿವೃದ್ಧಿಕಾರರ ಶಾಖೆ. ಪ್ರತಿಯೊಂದು ಸುರಕ್ಷತಾ ಪ್ರಕಟಣೆಯಲ್ಲೂ ಯಾವ ಶಾಖೆಯ ಯಾವ ತಿದ್ದುಪಡಿ ಮಟ್ಟದಲ್ಲಿ ದೋಷ ಸರಿಹೋಗಿದೆ ಎಂಬ ಪಟ್ಟಿ ಇರುತ್ತದೆ. ಸರಕು ಬಂದಾಗ ಇನ್‌ವಾಯ್ಸ್ ಹಿಡಿದು ತಾಳೆ ನೋಡುವಂತೆ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಬಳಿಕವೇ ಕಂಪೈಲ್ ಆರಂಭಿಸಬೇಕು.

ಇಳಿಸುವಿಕೆಯೇ ನಿಂತಾಗ

ದೋಷ ಸಂದೇಶ ಕೊಟ್ಟು ನಿಲ್ಲುವ ತೊಂದರೆಗಳು ನೋಡಲು ಭಯ ಹುಟ್ಟಿಸಿದರೂ ಮೇಲಿನದಕ್ಕಿಂತ ಸುಲಭ.

‘ಗುರಿಯ ಕೋಶ ಈಗಾಗಲೇ ಇದೆ ಮತ್ತು ಖಾಲಿಯಿಲ್ಲ’ ಎಂಬರ್ಥದ ಸಂದೇಶ ಬಹಳ ಸಾಮಾನ್ಯ. ವ್ಯವಸ್ಥೆಯನ್ನು ಅನುಸ್ಥಾಪಿಸುವಾಗ ಮೂಲ ಸಂಕೇತವನ್ನೂ ಆಯ್ದಿದ್ದರೆ ಆಕರ ಕೋಶದಲ್ಲಿ ಆಗಲೇ ಕಡತಗಳು ಕುಳಿತಿರುತ್ತವೆ. ಅವಕ್ಕೆ ಭಂಡಾರದ ಪರಿಚಯವಿಲ್ಲ. ಗಿಟ್ ಅವುಗಳ ಮೇಲೆ ಬರೆಯಲು ಒಪ್ಪುವುದಿಲ್ಲ. ಹಳೆಯ ಕೋಶಕ್ಕೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡುವುದು ಸರಿಯಾದ ಕ್ರಮ. ಆದರೆ ಜಡ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಪೂರ್ವನಿಯೋಜಿತ ರೀತಿಯಲ್ಲಿ ಅನುಸ್ಥಾಪಿಸಿದ ಯಂತ್ರಗಳಲ್ಲಿ ಆಕರ ಕೋಶವು ಸ್ವತಂತ್ರ ವಿಭಾಗವಾಗಿರುತ್ತದೆ. ಅಂತಹ ಕೋಶದ ಹೆಸರನ್ನು ಬದಲಿಸಲು ಹೋದರೆ ಸಾಧನ ಕಾರ್ಯನಿರತವಾಗಿದೆ ಎಂಬ ಉತ್ತರ ಬರುತ್ತದೆ. ಅಲ್ಲಿ ಕೋಶವನ್ನು ಹಾಗೆಯೇ ಉಳಿಸಿ ಒಳಗಿನ ಕಡತಗಳನ್ನು ಮಾತ್ರ ತೆರವು ಮಾಡಬೇಕು. ಚುಕ್ಕೆಯಿಂದ ಆರಂಭವಾಗುವ ಹೆಸರಿನ ಕಡತಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಎಲ್ಲ ಅಳಿಸಿದರೂ ಖಾಲಿಯಿಲ್ಲ ಎಂದು ಗಿಟ್ ಹಟ ಹಿಡಿದರೆ ಕಾರಣ ಅವೇ.

ಪ್ರಮಾಣಪತ್ರ ಸಂಬಂಧಿ ದೋಷಗಳು ಎರಡನೆಯ ವರ್ಗ. ಭಂಡಾರದೊಡನೆ ಸಂಪರ್ಕ ಗೂಢಲಿಪಿಯಲ್ಲಿ ನಡೆಯುವುದರಿಂದ ಆ ಕಡೆಯ ಸರ್ವರ್ ತನ್ನ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತದೆ. ಪ್ರಮಾಣಪತ್ರಕ್ಕೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿವೆ. ಹಳೆಯ ಯಂತ್ರದ ಮದರ್‌ಬೋರ್ಡಿನ ನಾಣ್ಯದಷ್ಟು ಗಾತ್ರದ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿದ್ದರೆ, ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ತಿಳಿಯುತ್ತದೆ. ಗಂಟೆಗಟ್ಟಲೆ ಫೈರ್‌ವಾಲ್ ತಡಕಾಡುವ ಮೊದಲು ದಿನಾಂಕ ನೋಡಬೇಕು. ಗಡಿಯಾರ ಸರಿಯಿದ್ದೂ ಇದೇ ದೋಷ ಬಂದರೆ, ಯಂತ್ರವು ನಂಬುವ ಮೂಲ ಪ್ರಮಾಣಪತ್ರಗಳ ಪಟ್ಟಿ ಹಳತಾಗಿದೆ ಎಂದು ಊಹಿಸಬಹುದು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ ಜಗತ್ತಿನಾದ್ಯಂತ ಹಳೆಯ ಯಂತ್ರಗಳು ನಿನ್ನೆಯವರೆಗೆ ತೆರೆಯುತ್ತಿದ್ದ ತಾಣಗಳನ್ನು ಒಮ್ಮೆಲೇ ನಿರಾಕರಿಸಿದವು. ಇಂತಹ ಸಂದರ್ಭದಲ್ಲಿ ಪ್ರಮಾಣಪತ್ರದ ತಪಾಸಣೆಯನ್ನೇ ನಿಲ್ಲಿಸಿ ಸಂಕೇತ ಇಳಿಸಿಕೊಳ್ಳುವ ಉಪಾಯವನ್ನು ಕೆಲವರು ಸೂಚಿಸುವುದುಂಟು. ಇಡೀ ವ್ಯವಸ್ಥೆಯನ್ನೇ ಕಟ್ಟಲಿರುವ ಸಂಕೇತವನ್ನು ಗುರುತು ಕೇಳದೆ ಒಳಗೆ ಬಿಟ್ಟುಕೊಳ್ಳುವ ಈ ಕ್ರಮವನ್ನು ಯಾವ ಕಾರಣಕ್ಕೂ ಒಪ್ಪಲಾಗದು.

ಮೂರನೆಯದು ಮಾಲೀಕತ್ವದ ತಕರಾರು. 2022ರ ಏಪ್ರಿಲ್‌ನ ನಂತರದ ಗಿಟ್ ಆವೃತ್ತಿಗಳು, ಆಕರ ಕೋಶ ಒಬ್ಬ ಬಳಕೆದಾರನ ಹೆಸರಿನಲ್ಲಿದ್ದು ಆದೇಶ ಕೊಡುವವನು ಇನ್ನೊಬ್ಬನಾಗಿದ್ದರೆ ‘ಸಂದೇಹಾಸ್ಪದ ಮಾಲೀಕತ್ವ’ ಎಂದು ಹೇಳಿ ನಿಲ್ಲುತ್ತವೆ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಹೀಗಿರಲಿಲ್ಲವಾದ್ದರಿಂದ, ನೆಟ್ಟಗೆ ನಡೆಯುತ್ತಿದ್ದ ಯಂತ್ರ ಗಿಟ್ ಹೊಸದಾದ ಮರುದಿನವೇ ಮುಷ್ಕರ ಹೂಡಿದಂತೆ ಕಾಣುತ್ತದೆ. ಇದು ದೋಷವಲ್ಲ, ಬೇರೆಯವರು ಇಟ್ಟ ಕೋಶದ ಮೂಲಕ ದುರುಪಯೋಗವಾಗದಿರಲೆಂದು ಸೇರಿಸಿದ ಎಚ್ಚರಿಕೆ. ಆಕರ ಕೋಶದ ಒಡೆತನವನ್ನು ಒಬ್ಬರ ಹೆಸರಿಗೇ ಸರಿಪಡಿಸಿ, ಮುಂದೆಯೂ ಅವರೇ ಆದೇಶ ಕೊಡುವಂತೆ ನೋಡಿಕೊಂಡರೆ ಸಾಕು.

ಅಂತರಜಾಲ ಸಂಪರ್ಕ ಮಧ್ಯೆ ಕಡಿಯುವುದು ತಾಲ್ಲೂಕು ಕೇಂದ್ರಗಳ ಕಚೇರಿಗಳಿಗೆ ಪರಿಚಿತ ಸಂಕಟ. ಗಿಟ್‌ನಲ್ಲಿ ಮೊದಲ ಬಾರಿ ಪ್ರತಿ ಇಳಿಸುವಾಗ ಸಂಪರ್ಕ ತಪ್ಪಿದರೆ ನಿಂತಲ್ಲಿಂದ ಮುಂದುವರಿಸಲು ಬರುವುದಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಬೇಕು. ಮೂರು ದಶಕಗಳ ಇತಿಹಾಸವನ್ನೆಲ್ಲ ತರಿಸುವ ಬದಲು ‘ಡೆಪ್ತ್ 1’ ಎಂಬ ಆಯ್ಕೆ ಕೊಟ್ಟು ಇತ್ತೀಚಿನ ಸ್ಥಿತಿಯನ್ನಷ್ಟೇ ತರಿಸಿದರೆ ಹೊರೆ ಬಹುಪಾಲು ಇಳಿಯುತ್ತದೆ. ಅದೂ ಸಾಗದಿದ್ದರೆ ಬಿಡುಗಡೆಯ ತಾಣದಲ್ಲಿರುವ ಮೂಲ ಸಂಕೇತದ ಕಟ್ಟನ್ನು ಸಾಮಾನ್ಯ ಕಡತದಂತೆ ತರಿಸಬಹುದು, ಅದು ನಿಂತಲ್ಲಿಂದ ಮುಂದುವರಿಯುತ್ತದೆ. ಜೊತೆಗಿರುವ ಪಟ್ಟಿಯ ತಾಳೆಸಂಖ್ಯೆಯೊಡನೆ ಹೋಲಿಸಿ ನೋಡಬೇಕು. ಅದು ಬಿಡುಗಡೆಯ ದಿನದ ಸಂಕೇತವಾದುದರಿಂದ ನಂತರದ ತಿದ್ದುಪಡಿಗಳನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ.

‘ಡೆಪ್ತ್ 1’ ಆಯ್ಕೆಗೂ ಒಂದು ಬೆಲೆಯಿದೆ. ಅದು ಕೇಳಿದ ಒಂದು ಶಾಖೆಯನ್ನು ಬಿಟ್ಟು ಉಳಿದ ಶಾಖೆಗಳ ಹೆಸರನ್ನೂ ಅರಿಯದು. 2024ರ ಡಿಸೆಂಬರ್‌ನಲ್ಲಿ 14.2 ಬಂದಾಗ ಹಳೆಯ ಕೋಶದಲ್ಲೇ ನಿಂತು ‘ರೆಲೆಂಗ್/14.2’ಕ್ಕೆ ದಾಟಲು ಯತ್ನಿಸಿದವರಿಗೆ ಅಂತಹ ಹೆಸರೇ ತನಗೆ ಗೊತ್ತಿಲ್ಲವೆಂದು ಗಿಟ್ ಉತ್ತರಿಸುತ್ತಿತ್ತು. ಶಾಖೆ ಭಂಡಾರದಲ್ಲಿ ಇದ್ದೇ ಇತ್ತು. ಹೊಸ ಶಾಖೆಯ ಹೆಸರನ್ನು ಕೋಶದ ದೂರಸಂಪರ್ಕ ಪಟ್ಟಿಗೆ ಸೇರಿಸಿ ತರಿಸಿದರೆ ಸರಿಹೋಗುತ್ತದೆ. ಅನುಭವ ಕಡಿಮೆಯಿದ್ದವರಿಗೆ ಹಳೆಯದನ್ನು ಬದಿಗಿಟ್ಟು ಹೊಸ ಶಾಖೆಯನ್ನು ಹೊಸದಾಗಿ ಇಳಿಸಿಕೊಳ್ಳುವುದೇ ಕ್ಷೇಮ.

ಇನ್ನು, ಗಿಟ್ ಫ್ರೀಬಿಎಸ್‌ಡಿಯ 13 ಮತ್ತು 14ನೆಯ ಸರಣಿಗಳ ಮೂಲ ವ್ಯವಸ್ಥೆಯ ಭಾಗವಲ್ಲ. ಅದನ್ನು ಪ್ರತ್ಯೇಕ ಪ್ಯಾಕೇಜಾಗಿ ಹಾಕಿಕೊಳ್ಳಬೇಕು. ಬೆಂಬಲ ಮುಗಿದ ಆವೃತ್ತಿಯಲ್ಲಿರುವ ಯಂತ್ರಕ್ಕೆ ಸಿಗುವ ಪ್ಯಾಕೇಜು ಹೊಸ ಆವೃತ್ತಿಗಾಗಿ ಸಿದ್ಧವಾದದ್ದು. ಹಳೆಯ ಯಂತ್ರದಲ್ಲಿ ಅದು ಓಡದೇ ಹೋಗಬಹುದು. ಗಿಟ್ ಇಲ್ಲದೆ ನವೀಕರಣವಿಲ್ಲ, ನವೀಕರಣವಿಲ್ಲದೆ ಗಿಟ್ ಇಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಪರಿಸ್ಥಿತಿ. ಇಲ್ಲಿಯೂ ಮೇಲೆ ಹೇಳಿದ ಸಂಕೇತದ ಕಟ್ಟೇ ಕೈಹಿಡಿಯುತ್ತದೆ. ಅಥವಾ ಬೇರೊಂದು ಹೊಸ ಯಂತ್ರದಲ್ಲಿ ಪ್ರತಿ ಇಳಿಸಿ ಪೆನ್‌ಡ್ರೈವ್ ಮೂಲಕ ಒಯ್ಯಬಹುದು.

ಹಳೆಯ ತಂತ್ರಜ್ಞರ ಕೈಗುರುತು

‘ನಿಮ್ಮ ಸ್ಥಳೀಯ ಬದಲಾವಣೆಗಳು ಅಳಿಸಿಹೋಗುತ್ತವೆ, ಆದ್ದರಿಂದ ನಿಲ್ಲಿಸಲಾಗಿದೆ’ ಎಂಬರ್ಥದ ಸಂದೇಶ ಬಂದಾಗ ಅವಸರ ಸಲ್ಲದು. ಆಕರ ಕೋಶದ ಕೆಲವು ಕಡತಗಳನ್ನು ಯಾರೋ ತಿದ್ದಿದ್ದಾರೆ. ಅದೇ ಕಡತಗಳು ಭಂಡಾರದಲ್ಲೂ ಬದಲಾಗಿವೆ. ತಿದ್ದಿದವರು ಯಾರೆಂಬುದು ಮುಖ್ಯ ಪ್ರಶ್ನೆ.

ಮನುಷ್ಯರಾರೂ ತಿದ್ದಿರದಿರುವ ಸಾಧ್ಯತೆಯೂ ಇದೆ. ಸಿದ್ಧ ಕಡತಗಳ ಮೂಲಕ ನವೀಕರಿಸುವ ‘ಫ್ರೀಬಿಎಸ್‌ಡಿ-ಅಪ್‌ಡೇಟ್’ ಸಾಧನದ ಸಂರಚನೆಯಲ್ಲಿ ಮೂಲ ಸಂಕೇತವೂ ಒಂದು ಘಟಕವಾಗಿ ಸೇರಿರುತ್ತದೆ. ಗಿಟ್ ಮೂಲಕ ಇಳಿಸಿದ ಕೋಶವಿರುವ ಯಂತ್ರದಲ್ಲಿ ಆ ಸಾಧನವನ್ನೂ ಓಡಿಸಿದರೆ ಅದು ಅಲ್ಲಿನ ಕಡತಗಳನ್ನು ತನ್ನ ರೀತಿಯಲ್ಲಿ ತಿದ್ದಬಲ್ಲದು. ಗಿಟ್‌ಗೆ ಅದು ಪರರ ಹಸ್ತಕ್ಷೇಪವಾಗಿ ಕಾಣುತ್ತದೆ. ಒಂದೇ ದಾಸ್ತಾನಿಗೆ ಇಬ್ಬರು ಗುಮಾಸ್ತರು ಬೇರೆ ಬೇರೆ ಪುಸ್ತಕ ಬರೆದಂತೆ. ಗಿಟ್ ಬಳಸುವವರು ಆ ಸಂರಚನೆಯಿಂದ ಮೂಲ ಸಂಕೇತದ ಘಟಕವನ್ನು ತೆಗೆದುಹಾಕುವುದು ಒಳಿತು.

ಆದರೆ ಹಿಂದಿನ ತಂತ್ರಜ್ಞರು ಉದ್ದೇಶಪೂರ್ವಕವಾಗಿ ತಿದ್ದಿದ್ದರೆ ಆ ತಿದ್ದುಪಡಿಯೇ ಸಂಸ್ಥೆಯ ಆಸ್ತಿ. ಯಾವುದೋ ತೂಕದ ಯಂತ್ರವೋ ಹಳೆಯ ನೆಟ್‌ವರ್ಕ್ ಕಾರ್ಡೋ ಆ ಎರಡು ಸಾಲುಗಳಿಂದಲೇ ನಡೆಯುತ್ತಿರಬಹುದು. ‘ಗಿಟ್ ಸ್ಟೇಟಸ್’ ಆದೇಶದಿಂದ ಬದಲಾದ ಕಡತಗಳ ಪಟ್ಟಿಯನ್ನೂ ‘ಗಿಟ್ ಡಿಫ್’ ಆದೇಶದಿಂದ ಬದಲಾವಣೆಯ ಸಾಲುಗಳನ್ನೂ ಪಡೆದು, ಆಕರ ಕೋಶದ ಹೊರಗೆ ಬೇರೊಂದು ಕಡತದಲ್ಲಿ ಉಳಿಸಿ, ಅನಂತರವೇ ಮುಂದುವರಿಯಬೇಕು. ತೊಂದರೆ ಎಂದೊಡನೆ ಇಡೀ ಕೋಶವನ್ನು ಅಳಿಸಿ ಹೊಸದಾಗಿ ಇಳಿಸುವವರು ಕಳೆದುಕೊಳ್ಳುವ ಇನ್ನೊಂದು ವಸ್ತುವೆಂದರೆ ಸಂಸ್ಥೆಯ ಸ್ವಂತ ಕರ್ನಲ್‌ನ ಸಂರಚನಾ ಕಡತ. ಅದು ಆಕರ ಕೋಶದ ಆಳದಲ್ಲಿರುತ್ತದೆ, ಭಂಡಾರಕ್ಕೆ ಅದರ ಅರಿವಿಲ್ಲ, ಹಾಗಾಗಿ ಮರಳಿ ಬರುವುದಿಲ್ಲ. ಆ ಕಡತವನ್ನು ವ್ಯವಸ್ಥಾಪಕರ ಸ್ವಂತ ಕೋಶದಲ್ಲಿಟ್ಟು, ಆಕರ ಕೋಶದಲ್ಲಿ ಅದಕ್ಕೊಂದು ಕೊಂಡಿ ಮಾತ್ರ ಇರಿಸುವ ಪದ್ಧತಿ ಫ್ರೀಬಿಎಸ್‌ಡಿ ಬಳಕೆದಾರರಲ್ಲಿ ಮೊದಲಿನಿಂದಲೂ ಇದೆ.

ಎರಡೂ ಕಡೆಯ ತಿದ್ದುಪಡಿಗಳು ಡಿಕ್ಕಿಯಾದಾಗ ಸಬ್‌ವರ್ಷನ್ ಆಗಲಿ ಗಿಟ್ ಆಗಲಿ ಕಡತದೊಳಗೆ ಸಾಲಾಗಿ ಏಳು ಬಾಣದ ಚಿಹ್ನೆಗಳನ್ನು ಬರೆದು ಎರಡೂ ರೂಪಗಳನ್ನು ಇರಿಸುತ್ತವೆ. ಇದನ್ನು ಪರಿಹರಿಸದೆ ಕಂಪೈಲ್ ಆರಂಭಿಸಿದರೆ ಒಂದೆರಡು ಗಂಟೆಯ ಬಳಿಕ ವಿಚಿತ್ರವಾದ ವ್ಯಾಕರಣ ದೋಷ ಬಂದು ಕೆಲಸ ನಿಲ್ಲುತ್ತದೆ. ತಂತ್ರಾಂಶವೇ ಕೆಟ್ಟಿದೆಯೆಂದು ದೂರುವ ಮೊದಲು, ದೋಷ ತೋರಿಸಿದ ಕಡತವನ್ನು ತೆರೆದು ಆ ಬಾಣಗಳಿವೆಯೇ ಎಂದು ನೋಡಬೇಕು.

ಬೀಗದ ಕಡತದ ವಿಷಯ ಚಿಕ್ಕದು. ಕರೆಂಟ್ ಹೋಗಿ ಆದೇಶ ಅರ್ಧಕ್ಕೇ ನಿಂತಿದ್ದರೆ ‘ಇನ್ನೊಂದು ಗಿಟ್ ಕೆಲಸ ನಡೆಯುತ್ತಿದೆ’ ಎಂಬ ಸಂದೇಶ ಬರುತ್ತದೆ. ನಿಜಕ್ಕೂ ಬೇರೆ ಯಾವ ಗಿಟ್ ಕೆಲಸವೂ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ‘ಇಂಡೆಕ್ಸ್.ಲಾಕ್’ ಕಡತವನ್ನು ಅಳಿಸಿದರೆ ಆಯಿತು. ಸಬ್‌ವರ್ಷನ್ನಿನಲ್ಲಿ ಇದೇ ಕೆಲಸಕ್ಕೆ ‘ಕ್ಲೀನ್‌ಅಪ್’ ಎಂಬ ಆದೇಶವಿತ್ತು. ತಟ್ಟೆಯಲ್ಲಿ ಜಾಗ ಮುಗಿದಿದ್ದರೂ ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ. ಸಂಕೇತಕ್ಕೂ ಕಂಪೈಲ್‌ನ ಫಲಿತಕ್ಕೂ ಸೇರಿ ಹಲವು ಗಿಗಾಬೈಟ್ ಬೇಕಾಗುವುದರಿಂದ ಮೊದಲೇ ನೋಡಿಕೊಳ್ಳುವುದು ವಿಹಿತ.

ಕಂಪೈಲ್‌ಗೆ ಮುನ್ನ ಮತ್ತು ನಂತರ

ಸಂಕೇತ ಸರಿಯಾಗಿ ಬಂದ ಮೇಲೆ ಆಕರ ಕೋಶದಲ್ಲಿರುವ ‘ಅಪ್‌ಡೇಟಿಂಗ್’ ಕಡತವನ್ನು ಓದಬೇಕು. ಹಿಂದಿನ ನವೀಕರಣದಿಂದ ಈಚೆಗೆ ವಿಶೇಷ ಕ್ರಮಗಳೇನಾದರೂ ಬೇಕಾಗಿದ್ದರೆ ದಿನಾಂಕಸಹಿತ ಅಲ್ಲಿ ನಮೂದಾಗಿರುತ್ತದೆ. ದತ್ತಾಂಶದ ಪ್ರತಿಯನ್ನು ಬೇರೆ ತಟ್ಟೆಯಲ್ಲಿ ತೆಗೆದಿಡಬೇಕು. ಜಡ್‌ಎಫ್‌ಎಸ್ ಇದ್ದಲ್ಲಿ ‘ಬಿಇಸಿಟಿಎಲ್’ ಸಾಧನದಿಂದ ಈಗಿನ ವ್ಯವಸ್ಥೆಯ ಒಂದು ಪ್ರತಿರೂಪವನ್ನು ಉಳಿಸಿಕೊಂಡರೆ, ಹೊಸದು ಏಳದಿದ್ದಾಗ ಹಳೆಯದಕ್ಕೆ ಕೆಲವೇ ನಿಮಿಷಗಳಲ್ಲಿ ಮರಳಬಹುದು. ಆಮೇಲೆ ವ್ಯವಸ್ಥೆಯ ಸಾಧನಗಳನ್ನೂ ಕರ್ನಲ್ಲನ್ನೂ ಕಂಪೈಲ್ ಮಾಡಿ, ಮೊದಲು ಕರ್ನಲ್ ಮಾತ್ರ ಅನುಸ್ಥಾಪಿಸಿ, ಮರುಚಾಲನೆ ಮಾಡಿ, ಯಂತ್ರ ಎದ್ದಿದೆಯೆಂದು ಕಂಡ ಬಳಿಕ ಉಳಿದದ್ದನ್ನು ಅನುಸ್ಥಾಪಿಸುವ ಕ್ರಮವನ್ನು ತಪ್ಪಿಸಬಾರದು. ಕಂಪೈಲ್ ವ್ಯವಹಾರದ ಹೊತ್ತಿನಲ್ಲಿ ನಡೆದರೂ ಅಡ್ಡಿಯಿಲ್ಲ. ಮರುಚಾಲನೆಗೆ ಮಾತ್ರ ವಾರದ ರಜೆಯನ್ನೋ ಬಾಗಿಲು ಹಾಕಿದ ಬಳಿಕದ ಸಮಯವನ್ನೋ ಆಯ್ದುಕೊಳ್ಳಬೇಕು. ತಿಂಗಳ ಕೊನೆಯ ಬಿಲ್ಲಿಂಗ್ ದಿನಗಳು ಮತ್ತು ವಿವರಪಟ್ಟಿ ಸಲ್ಲಿಕೆಯ ಗಡುವಿನ ಹಿಂದಿನ ದಿನ ಸರ್ವಥಾ ಬೇಡ.

ತಂತ್ರಜ್ಞರು ಹೊರಗಿನವರಾಗಿದ್ದರೆ, ಕೆಲಸದ ಬಿಲ್ಲಿನ ಜೊತೆ ಆಕರ ಕೋಶವನ್ನು ಯಾವ ವಿಳಾಸದಿಂದ, ಯಾವ ಶಾಖೆಯಿಂದ ತರಿಸಲಾಯಿತು, ‘ಬ್ರಾಂಚ್’ ಸಾಲಿನಲ್ಲಿ ಏನಿತ್ತು, ಸ್ಥಳೀಯ ಬದಲಾವಣೆಗಳ ಪ್ರತಿ ಎಲ್ಲಿದೆ ಎಂಬ ವಿವರಗಳನ್ನು ಬರವಣಿಗೆಯಲ್ಲಿ ಪಡೆದು ಯಂತ್ರದ ದಾಖಲೆಗೆ ಸೇರಿಸಬೇಕು. ಮುಂದಿನ ಬಾರಿ ಬರುವವರು ಅವರೇ ಆಗಿರುತ್ತಾರೆಂಬ ಭರವಸೆಯಿಲ್ಲ. ಕೊನೆಯಲ್ಲಿ ‘ಫ್ರೀಬಿಎಸ್‌ಡಿ-ವರ್ಷನ್’ ಆದೇಶವನ್ನು ಕರ್ನಲ್‌ಗೊಮ್ಮೆ, ಉಳಿದ ವ್ಯವಸ್ಥೆಗೊಮ್ಮೆ ಕೊಟ್ಟು ನೋಡಬೇಕು. ಮೂಲ ಸಂಕೇತದಿಂದ ಕಟ್ಟಿದ ಯಂತ್ರದಲ್ಲಿ ಈ ಎರಡೂ ಉತ್ತರಗಳು ಒಂದೇ ಆಗಿರಬೇಕು ಮತ್ತು ಸುರಕ್ಷತಾ ಪ್ರಕಟಣೆಯ ಸಂಖ್ಯೆಗೆ ಹೊಂದಬೇಕು. ಕರ್ನಲ್ ಹೊಸದು, ಉಳಿದದ್ದು ಹಳೆಯದು ಎಂದು ಬಂದರೆ ಮರುಚಾಲನೆಯ ನಂತರದ ಅನುಸ್ಥಾಪನೆ ಬಿಟ್ಟುಹೋಗಿದೆ. ಅದನ್ನು ಆಗಲೇ ಮುಗಿಸಿ ತಂತ್ರಜ್ಞರನ್ನು ಬೀಳ್ಕೊಡಬಹುದು.